ಓಯ್ರಿಕ್ ನೀರು ತಂದ ಭಾನುವಾರ

ಓಯ್ರಿಕ್ ಮಕೀವರ್ ತೀರಿಕೊಂಡು ಈ ಮಾರ್ಚಿಗೆ ಎರಡು ವರ್ಷವಾಯಿತು. ಅವಳ ತಮ್ಮನ ಮಗ ಟೊರ್ಕಿಲ್ ಹೋದ ವಾರ ಬಂದು, "ಆ ಭಾನುವಾರದ್ದು ಕಣ್ಣಾರೆ ನೋಡಿದವರು ನೀವೊಬ್ರೇ ಉಳ್ದಿರೋದು, ಚಿಕ್ಕಮ್ಮ. ಬರೆದಿಡಿ" ಅಂದ. ಶಾಲೆಗೆ ನಾನು ಹೋದದ್ದು ನಾಲ್ಕು ಚಳಿಗಾಲ ಮಾತ್ರ. ಆದರೂ ಕಂಡದ್ದನ್ನು ಕಂಡ ಹಾಗೆ ಹೇಳಬಲ್ಲೆ.

ಟಾಲಬೊಸ್ಟ್‌ನಲ್ಲಿ ಆಗ ಇಪ್ಪತ್ತಮೂರು ಮನೆ. ನಮ್ಮದು ದ್ವೀಪದ ಊರು. ಓಯ್ರಿಕ್‌ಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಆಲೂಗಡ್ಡೆ ಹೊಲ, ಹೊಲದ ತುದಿಗೆ ಬಾವಿ. ಅವಳು ಎತ್ತರದ ಹೆಂಗಸು. ಒಂಬತ್ತನೇ ವರ್ಷದಿಂದ ಬೆನ್ನಬುಟ್ಟಿಯಲ್ಲಿ ಒಲೆಗೆ ಸೌದೆಯ ಬದಲು ಉರಿಸುವ ಜೌಗುಮಣ್ಣಿನ ಹೆಂಟೆ ಹೊತ್ತು ಬಲಭುಜ ಒಂದು ಬೆರಳಷ್ಟು ಇಳಿದಿತ್ತು. ಹುಡುಗಿಯಾಗಿದ್ದಾಗ ಆರು ಹಂಗಾಮು ಹೆರಿಂಗ್ ಮೀನು ಸೀಳುವ ಕೆಲಸಕ್ಕೆ ದಕ್ಷಿಣದ ಬಂದರುಗಳಿಗೆ ಹೋಗಿದ್ದಳು. ಆ ಚಾಕುವಿನ ಗಾಯದ ಗೆರೆಗಳು ಕೊನೆಯವರೆಗೂ ಅವಳ ಬೆರಳ ಮೇಲಿದ್ದವು. ಆಮೇಲೆ ಊರಲ್ಲೇ ಮಗ್ಗ ಹಾಕಿ ಉಣ್ಣೆ ಬಟ್ಟೆ ನೇಯ್ದಳು. ಮದುವೆಯಾಗಲಿಲ್ಲ. ತಮ್ಮ ರೋರಿ, ಅವನ ಹೆಂಡತಿ ಡೊಲೀನಾ, ಇವಳು, ಮೂವರು ಒಂದೇ ಮನೆಯಲ್ಲಿದ್ದರು.

'ಸುಮಾರು' ಅನ್ನುವ ಮಾತು ಓಯ್ರಿಕ್‌ಳ ಬಾಯಲ್ಲಿ ಬರುತ್ತಿರಲಿಲ್ಲ. ಒಮ್ಮೆ ಸೂಜಿ ದಾರ ಮಾರುವವನೊಬ್ಬ ಮುಂದಿನ ಊರು ಎಷ್ಟು ದೂರ ಅಂತ ಕೇಳಿದ್ದಕ್ಕೆ, "ನನ್ನ ಕಾಲಿಗೆ ನಾಲ್ಕು ಸಾವಿರದ ಇನ್ನೂರು ಹೆಜ್ಜೆ. ನಿನ್ನ ಕಾಲು ಗಿಡ್ಡ, ನೀನೇ ಎಣಿಸ್ಕೋ" ಅಂದಿದ್ದಳು.

ನಮ್ಮಲ್ಲಿ ಭಾನುವಾರ ಅಂದರೆ ಸಬ್ಬತ್ ದಿನ. ಶನಿವಾರ ಸಂಜೆಯೇ ಆಲೂಗಡ್ಡೆ ಸುಲಿದಿಟ್ಟು, ಹೆಂಟೆ ಒಳಗೆ ತಂದು, ಎರಡು ಬಕೆಟ್ ನೀರು ತುಂಬಿ ಮೇಲೆ ಹಲಗೆ ಮುಚ್ಚಬೇಕು. ಮರುದಿನ ಬಾವಿಯ ಕಡೆ ಯಾರೂ ಹೋಗುವಂತಿಲ್ಲ. ಹಸುವಿಗೆ ಮೇವು ಹಾಕಬಹುದು, ಕಾಯಿಲೆಯವರನ್ನು ನೋಡಬಹುದು. ಬೇರೇನು ಮಾಡಿದರೂ ಚರ್ಚಿನ ಸಭೆಯ ಹಿರಿಯರು ಕರೆದು ಕೇಳುತ್ತಾರೆ. ಇದನ್ನು ಊರಿನಲ್ಲಿ ಓಯ್ರಿಕ್‌ಳಷ್ಟು ಕಟ್ಟುನಿಟ್ಟಾಗಿ ಪಾಲಿಸುವವರು ಇನ್ನೊಬ್ಬರಿರಲಿಲ್ಲ.

ಮೂವತ್ತೊಂಬತ್ತನೇ ಇಸವಿಯ ಆಗಸ್ಟಿನಲ್ಲಿ ರೋರಿಯನ್ನು ನೌಕಾಪಡೆಗೆ ಕರೆಸಿಕೊಂಡರು. ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಡೊಲೀನಾ ಬಸುರಿ, ಅಕ್ಟೋಬರಿನ ಕೊನೆಗೆ ದಿನ ತುಂಬುತ್ತದೆ ಅಂದಿದ್ದರು. ನನ್ನ ಚೊಚ್ಚಲ ಮಗ ನಾರ್ಮನ್ ಸೆಪ್ಟೆಂಬರ್ ಇಪ್ಪತ್ತಕ್ಕೆ ಹುಟ್ಟಿದ್ದ. ಅಕ್ಟೋಬರ್ ಒಂದನೇ ತಾರೀಖು ಭಾನುವಾರ, ಊರಿಗೆ ಊರೇ ಮೂರು ಮೈಲಿ ನಡೆದು ಚರ್ಚಿಗೆ ಹೋಗಿತ್ತು. ಹನ್ನೊಂದು ದಿನದ ಬಾಣಂತಿ ನಾನು, ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದೆ.

ಹನ್ನೊಂದು ಗಂಟೆಗೆ ಓಯ್ರಿಕ್ ಎರಡು ಬಕೆಟ್ ಹಿಡಿದು ಬಾವಿಗೆ ಹೋದಳು. ನನ್ನ ಕಣ್ಣೇ ತಪ್ಪು ಕಂಡಿರಬೇಕು ಅಂದುಕೊಂಡೆ. ಕಾಲು ಗಂಟೆಯಲ್ಲಿ ಮತ್ತೆ ಹೋದಳು. ನಾನು ಕಿಟಕಿಯ ಗಾಜು ಬಡಿದೆ. ಅವಳು ತಿರುಗಿ ನನ್ನನ್ನೇ ನೋಡಿದಳು, ನಿಲ್ಲಲಿಲ್ಲ. ಹನ್ನೆರಡಕ್ಕೊಮ್ಮೆ, ಒಂದೂವರೆಗೊಮ್ಮೆ ಹೋದಳು. ಒಟ್ಟು ನಾಲ್ಕು ಸಲ, ಎಂಟು ಬಕೆಟ್. ಅವರ ಹುಲ್ಲುಮಾಡಿನಿಂದ ಹೊಗೆ ವಾರದ ದಿನದ ಹಾಗೆ ದಟ್ಟವಾಗಿ ಏಳುತ್ತಿತ್ತು. ಮೂರು ಗಂಟೆಗೆ ಕೊಟ್ಟಿಗೆಯ ಬಾಗಿಲೊಳಗೆ ಒಗೆದ ಬಟ್ಟೆ ನೇತಾಡುವುದು ಕಂಡಿತು.

ನನ್ನ ಗಂಡ ಫಿನ್ಲೇ ಆಗ ಸಭೆಯ ಹಿರಿಯರಲ್ಲಿ ಎಲ್ಲರಿಗಿಂತ ಕಿರಿಯವನು. ಹಿರಿಯರ ಸಭೆಯ ನಡಾವಳಿ ಪುಸ್ತಕ ಬರೆಯುವವನೂ ಅವನೇ. ಚರ್ಚಿನಿಂದ ಬಂದವನಿಗೆ ಕಂಡದ್ದನ್ನೆಲ್ಲ ಹೇಳಿದೆ. ಕೇಡು ಬಗೆದು ಹೇಳಲಿಲ್ಲ. ಹೇಳದೆ ಇರಬಹುದಿತ್ತು ಅನ್ನುವುದು ಆಗ ಹೊಳೆಯಲಿಲ್ಲ, ಅಷ್ಟೆ.

ಸೋಮವಾರ ಮಧ್ಯಾಹ್ನ ಡೊಲೀನಾಗೆ ಗಂಡು ಮಗು ಅಂತ ಸುದ್ದಿ ಬಂತು. ಮಾರನೆಯ ದಿನ ಮೆಲ್ಲಗೆ ನಡೆದು ನೋಡಲು ಹೋದೆ.

"ಯಾವಾಗ ಹುಟ್ಟಿತೇ?" ಅಂದೆ.

"ಶುಕ್ರವಾರ ರಾತ್ರಿ," ಅಂದಳು ಡೊಲೀನಾ.

"ಶನಿವಾರ ಒಂದು ಮಾತು ಹೇಳಿ ಕಳಿಸ್ಬಾರ್ದಿತ್ತಾ?"

"ಆ ಗಾಳಿ ಮಳೇಲಿ ಯಾರನ್ನ ಕಳಿಸ್ಲಿ?"

ಓಯ್ರಿಕ್ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಮಾತಿಗೆ ಸೇರಲಿಲ್ಲ.

ನಿಜವಾಗಿ ನಡೆದದ್ದು ನನಗೆ ತಿಳಿದದ್ದು ಇಪ್ಪತ್ತೊಂದು ವರ್ಷದ ಮೇಲೆ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಮಗು ಹುಟ್ಟಿದ್ದು ಆ ಭಾನುವಾರವೇ, ಎಲ್ಲರೂ ಚರ್ಚಿನಲ್ಲಿದ್ದಾಗ, ದಿನ ತುಂಬುವ ಮೊದಲೇ. ಯುದ್ಧದ ಗುರುತಿನ ಚೀಟಿಗೆಂದು ಸರ್ಕಾರ ಆ ಶುಕ್ರವಾರ ರಾತ್ರಿ ಯಾವ ಮನೆಯಲ್ಲಿ ಯಾರಿದ್ದರು ಅಂತ ದೇಶಕ್ಕೆಲ್ಲ ಲೆಕ್ಕ ಹಿಡಿಯುತ್ತಿತ್ತು. ನಮ್ಮ ಊರಿಗೆ ಸೋಮವಾರ ಬೆಳಗಾಗುವ ಹೊತ್ತಿಗೆ ಫಾರಂ ಹಿಡಿದು ಬಂದವರು ಗಿಲೀಸ್ ಮೇಷ್ಟ್ರು. ಈ ಮಗು ಶುಕ್ರವಾರ ಇರಲಿಲ್ಲ, ಹಾಗಾಗಿ ಚೀಟಿ ಬರುವುದಿಲ್ಲ, ಬೇರೆ ಅರ್ಜಿ ಹಾಕಬೇಕು, ಯುದ್ಧದಲ್ಲಿ ಅದು ಎಷ್ಟು ತಿಂಗಳೋ ಅಂದರು. ಚೀಟಿಯಿಲ್ಲದ ಮಗುವಿಗೆ ಹಾಲು ಸಕ್ಕರೆ ಸಿಗುವುದಿಲ್ಲ ಅನ್ನುವ ಮಾತು ಊರಲ್ಲಿ ಹಬ್ಬಿತ್ತು. ಡೊಲೀನಾ ಅಳತೊಡಗಿದಳು. ಮೇಷ್ಟ್ರ ಕರುಳು ಕರಗಿತು. ಮಗುವನ್ನು ಶುಕ್ರವಾರಕ್ಕೆ ಬರೆದರು. ಜನನ ಮರಣದ ಪುಸ್ತಕವೂ ಅವರ ಕೈಯಲ್ಲೇ ಇತ್ತು. ಎರಡೂ ತಾಳೆಯಾಗಲಿ ಅಂತ ಅದರಲ್ಲೂ ಸೆಪ್ಟೆಂಬರ್ ಇಪ್ಪತ್ತೊಂಬತ್ತು ಅಂತಲೇ ಬರೆದರು.

ಓಯ್ರಿಕ್ ಮಾತ್ರ, "ನಿನ್ನೆ ಹುಟ್ಟಿದ್ದು, ಮೇಷ್ಟ್ರೇ. ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ" ಅಂದಳಂತೆ.

"ಗೊತ್ತಮ್ಮಾ. ಎರಡು ದಿನದ ಮಾತು, ಯಾರಿಗೆ ನಷ್ಟ? ಆದ್ರೆ ಹೊರಗೆ ಬಿದ್ರೆ ನನ್ನ ಕೆಲಸ ಹೋಗುತ್ತೆ. ಐದು ಮಕ್ಕಳಿದಾವೆ."

ಯಾರಿಗೂ ಹೇಳುವುದಿಲ್ಲ ಅಂತ ಓಯ್ರಿಕ್ ಮಾತು ಕೊಟ್ಟಳು.

ಎರಡು ವಾರ ಕಳೆದು ಹಿರಿಯರ ಸಭೆ ಅವಳನ್ನು ಕರೆಸಿತು. ಮಗು ಹುಟ್ಟಿದ್ದು ಶುಕ್ರವಾರವಾದರೆ ನೀರು ತರಲು ಶನಿವಾರ ಪೂರ್ತಿ ಇತ್ತಲ್ಲ, ಸಬ್ಬತ್ ದಿನ ಬಾವಿಗೆ ಯಾಕೆ ಹೋದೆ ಅಂತ ಕೇಳಿದರು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ನಿಜ ಹೇಳಿದರೆ ಮೇಷ್ಟ್ರ ಅನ್ನ ಹೋಗುತ್ತಿತ್ತು. "ನೀರು ತಂದದ್ದು ನಿಜ" ಅಂದಳು, ಅಷ್ಟೇ. ಪಶ್ಚಾತ್ತಾಪ ಪಡುವವರೆಗೂ ಕರ್ತನ ಭೋಜನದಿಂದ ದೂರ ಇಡಬೇಕು ಅಂತ ತೀರ್ಮಾನವಾಯಿತು. ಅದನ್ನು ಬರೆದದ್ದು ಫಿನ್ಲೇಯ ಕೈ.

ಕರ್ತನ ಭೋಜನ, ಅಂದರೆ ಕರ್ತನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ, ನಮ್ಮಲ್ಲಿ ವರ್ಷಕ್ಕೆ ಎರಡೇ ಸಲ. ಬೇರೆ ಊರುಗಳಿಂದ ನೆಂಟರು ಬಂದು ಮನೆಗಳು ತುಂಬುತ್ತವೆ. ಯೋಗ್ಯರಾದವರಿಗೆ ಶನಿವಾರ ಸೀಸದ ಬಿಲ್ಲೆ ಕೊಡುತ್ತಾರೆ, ಅದಿದ್ದವರೇ ಭಾನುವಾರ ಮೇಜಿನ ಬಳಿ ಹೋಗುವವರು. ಓಯ್ರಿಕ್ ಹತ್ತು ಜನಕ್ಕೆ ಕುರಿಮಾಂಸ ಬೇಯಿಸಿ ಬಡಿಸುವಳು, ಹಾಸಿಗೆ ಹಾಸುವಳು, ಭಾನುವಾರ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂರುವಳು. ನಲವತ್ತೆರಡು ಸಲ ಹಾಗೆ ಕೂತಳು. ಹುಡುಗರು ಅವಳಿಗೆ 'ಬಾವಿ ಓಯ್ರಿಕ್' ಅಂತ ಹೆಸರಿಟ್ಟರು. ದಾರಿಯಲ್ಲಿ ಕಂಡರೆ, "ಬಾವಿ ಅಜ್ಜೀ, ಇವತ್ಯಾವ ವಾರ?" ಅಂತ ರೇಗಿಸುವರು. ಅವಳು ತಪ್ಪದೆ ವಾರ, ತಾರೀಖು, ಇಸವಿ ಮೂರೂ ಹೇಳಿ ಮುಂದೆ ಹೋಗುವಳು. ಹಿರಿಯರು ವರ್ಷಕ್ಕೊಮ್ಮೆ ಹೋಗಿ ಪಶ್ಚಾತ್ತಾಪ ಆಯಿತಾ ಅಂತ ಕೇಳುವರು. "ತಪ್ಪು ಅಂತ ಮನಸ್ಸಿಗೆ ಅನ್ನಿಸ್ದೆ ಹೂಂ ಅಂದ್ರೆ ಅದೊಂದು ಸುಳ್ಳಾಗುತ್ತೆ. ಬೇಡ," ಅನ್ನುವಳು. ಹಟಮಾರಿ ಹೆಂಗಸು ಅಂತ ಊರು ತೀರ್ಮಾನಿಸಿತು. ನಾನೂ ಹಾಗೇ ತಿಳಿದಿದ್ದೆ.

ನಲವತ್ತೊಂದರಲ್ಲಿ ರೋರಿಯ ಹಡಗು ಮುಳುಗಿತು. ಡೊಲೀನಾಳ ಇಬ್ಬರು ಅಣ್ಣಂದಿರೂ ಅದೇ ಯುದ್ಧದಲ್ಲಿ ಸಮುದ್ರದ ಪಾಲಾದರು. ಗಿಲೀಸ್ ಮೇಷ್ಟ್ರು ಐವತ್ತೆರಡರಲ್ಲಿ ತೀರಿಕೊಂಡರು.

ಯುದ್ಧ ಮುಗಿದರೂ ಕರೆ ಮುಗಿಯಲಿಲ್ಲ. ಹದಿನೆಂಟು ತುಂಬಿದ ಹುಡುಗರೆಲ್ಲ ಎರಡು ವರ್ಷ ಸೈನ್ಯಕ್ಕೆ ಹೋಗಲೇಬೇಕು ಅನ್ನುವ ಕಾನೂನು ಹಾಗೇ ಇತ್ತು. ಐವತ್ತೇಳರ ವಸಂತದಲ್ಲಿ ರೇಡಿಯೋದಲ್ಲಿ ಹೇಳಿದರು: ಇನ್ನು ಮೂರು ವರ್ಷದಲ್ಲಿ ಕಡ್ಡಾಯದ ಕರೆ ನಿಲ್ಲುತ್ತದೆ, ಸೈನ್ಯಕ್ಕೆ ಇಷ್ಟಪಟ್ಟು ಬರುವವರೇ ಸಾಕು, ಮೂವತ್ತೊಂಬತ್ತನೇ ಇಸವಿ ಅಕ್ಟೋಬರ್ ಒಂದು ಮತ್ತು ಆಮೇಲೆ ಹುಟ್ಟಿದವರನ್ನು ಕರೆಯುವುದಿಲ್ಲ. ಅಂದು ನಮ್ಮ ಅಡುಗೆಮನೆಯಲ್ಲಿ ಐದಾರು ಜನ ಸೇರಿದ್ದೆವು. ಅಂಚೆಯವನು, "ನಿನ್ನ ಮಗ ಎರಡು ದಿನ ತಡ ಮಾಡಿ ಹುಟ್ಟಿದ್ರೆ ಬಚಾವಾಗ್ತಿದ್ದ ನೋಡು, ಡೊಲೀನಾ" ಅಂತ ನಕ್ಕ. ಡೊಲೀನಾಳ ಕೈಯಲ್ಲಿದ್ದ ಬಟ್ಟಲು ಕೆಳಗೆ ಬಿತ್ತು. ಓಯ್ರಿಕ್ ಬಗ್ಗಿ ಚೂರುಗಳನ್ನು ಆರಿಸಿದಳು.

ನಮ್ಮ ನಾರ್ಮನ್ ಐವತ್ತೊಂಬತ್ತರಲ್ಲಿ ಹೋದ. ಟೊರ್ಕಿಲ್ ಸ್ಟೋರ್ನೊವೇ ಪಟ್ಟಣದಲ್ಲಿ ದೋಣಿ ಕಟ್ಟುವ ಕೆಲಸ ಕಲಿಯುತ್ತಿದ್ದ. ಕಲಿಕೆ ಮುಗಿಯುವವರೆಗೆ ಬಿಡುವು ಕೊಟ್ಟಿದ್ದರು. ಅಷ್ಟರಲ್ಲಿ ಕರೆಯೇ ನಿಂತುಹೋದೀತು ಅಂತ ಡೊಲೀನಾ ದಿನ ಎಣಿಸುತ್ತಿದ್ದಳು. ಅರವತ್ತನೇ ಇಸವಿಯ ಸೆಪ್ಟೆಂಬರಿಗೆ ಕಲಿಕೆ ಮುಗಿಯಿತು. ನವೆಂಬರ್ ಐದು, ಶನಿವಾರ, ಕಂದು ಲಕೋಟೆ ಬಂತು. ಒಳಗೆ ರೈಲಿನ ಚೀಟಿ, ದಾರಿ ಖರ್ಚಿಗೆ ನಾಲ್ಕು ಷಿಲ್ಲಿಂಗ್. ಹದಿನೇಳನೇ ತಾರೀಖು ಗುರುವಾರ ಬ್ಯಾರಕ್ಕಿನಲ್ಲಿ ಹಾಜರಾಗಬೇಕು, ಅಂದರೆ ಹದಿನೈದರ ಮಂಗಳವಾರ ಹಡಗು ಹತ್ತಬೇಕು. ಇದೇ ಕೊನೆಯ ಗುಂಪು ಅಂತ ಅಂಚೆಯವನೇ ಹೇಳಿದ. ಈ ಸಲ ಅವನು ನಗಲಿಲ್ಲ.

ಮರುದಿನ ಸಬ್ಬತ್, ಏನೂ ಮಾಡುವಂತಿಲ್ಲ. ಡೊಲೀನಾ ಚರ್ಚಿನಲ್ಲಿ ಕಲ್ಲಿನ ಹಾಗೆ ಕೂತಿದ್ದಳು. ಸೋಮವಾರ ಓಯ್ರಿಕ್ ಬೆಳಗಿನ ಬಸ್ಸಿಗೆ ಪಟ್ಟಣಕ್ಕೆ ಹೋಗಿ ಕೋರ್ಟಿನ ಗುಮಾಸ್ತನನ್ನು ಕಂಡು ಬಂದಳು. ಸಂಜೆ ನೇರ ನಮ್ಮ ಮನೆಗೆ ಬಂದಳು. ಕೂರು ಅಂದರೆ ಕೂರಲಿಲ್ಲ.

"ಫಿನ್ಲೇ, ಮೂವತ್ತೊಂಬತ್ತರಲ್ಲಿ ಬರೆದ ಪುಸ್ತಕ ಇದ್ಯಾ?"

"ಪೆಟ್ಟಿಗೇಲಿದೆ. ಯಾಕೆ?"

"ಅದ್ರಲ್ಲಿ ನನ್ನ ಹೆಸರಿರೋ ಪುಟ ಕೋರ್ಟಲ್ಲಿ ಓದ್ಬೇಕು. ಅವತ್ತಿನ ಕಾಲದಲ್ಲೇ ಬರೆದಿಟ್ಟ ಕಾಗದ ಇದ್ರೆ ಮಾತ್ರ ತಾರೀಖು ತಿದ್ದೋ ಮಾತು ಅಂತ ಗುಮಾಸ್ತ ಅಂದ. ಬರೋ ಸೋಮವಾರ ನ್ಯಾಯಾಧೀಶರು ಕೇಳ್ತಾರೆ."

ಆಮೇಲೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ನೋವು ಶುರುವಾದ ಗಂಟೆ, ಮಗು ಹುಟ್ಟಿದ ಗಂಟೆ, ಶನಿವಾರದ ಎರಡು ಬಕೆಟ್ ಖಾಲಿಯಾದ ಗಂಟೆ, ಮೇಷ್ಟ್ರು ಬಂದ ಗಂಟೆ. ನನ್ನ ಕೈಯಲ್ಲಿ ಹೆಣಿಗೆ ಕಡ್ಡಿ ನಿಂತುಹೋಯಿತು. ಫಿನ್ಲೇ ಒಲೆಯ ಕಡೆ ತಿರುಗಿದ.

"ಅವತ್ತೇ ಹೇಳಿದ್ರೆ ಆಗ್ತಿರ್ಲಿಲ್ವಾ?" ಅಂದ.

"ಮೇಷ್ಟ್ರ ಅನ್ನ ಹೋಗ್ತಿತ್ತು."

"ಮೇಷ್ಟ್ರು ಸತ್ತು ಎಂಟು ವರ್ಷ ಆಯ್ತು."

"ಸತ್ತವರಿಗೆ ಕೊಟ್ಟ ಮಾತು ವಾಪಸ್ ತಗೊಳ್ಳೋಕೆ ಯಾರನ್ನ ಕೇಳ್ಲಿ, ಫಿನ್ಲೇ? ಈಗ ಕೇಳ್ದೇನೇ ತಗೊಂಡಿದೀನಿ. ಅದಕ್ಕೆ ಉತ್ತರ ಕೊಡೋಳು ನಾನು."

ಫಿನ್ಲೇ ಎದ್ದು ನಿಂತ. "ಈ ಊರಿನ ಅರವತ್ತು ವರ್ಷದ ಪಾಪ ಎಲ್ಲಾ ಆ ಪುಸ್ತಕದಲ್ಲಿದೆ. ಯಾರ ಮಗಳು ಬಸುರಾದ್ಲು, ಯಾರು ಕುಡಿದ್ರು, ಎಲ್ಲ. ಅದನ್ನ ಕೋರ್ಟಿನ ಮೇಜಿನ ಮೇಲೆ ಬಿಚ್ಚಿಡೋಕೆ ನನಗೆ ಅಧಿಕಾರ ಇಲ್ಲ." ಸ್ವಲ್ಪ ತಡೆದು, "ನನ್ನ ಮಗ ಹೋಗ್ಲಿಲ್ವಾ? ಅವನಿಗ್ಯಾವ ಪುಸ್ತಕ ಅಡ್ಡ ಬಂತು?" ಅಂದ.

ನಾರ್ಮನ್ ಆಗ ಸೈನ್ಯದ ಜೊತೆ ದೂರದ ಏಡನ್‌ನಲ್ಲಿದ್ದ. ಆರು ವಾರದಿಂದ ಕಾಗದ ಬಂದಿರಲಿಲ್ಲ. ಫಿನ್ಲೇಯ ಮಾತು ನನ್ನ ಎದೆಯಲ್ಲೂ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ.

"ಹೋದ. ಅವನು ಇಪ್ಪತ್ತನೇ ತಾರೀಖು ಹುಟ್ಟಿದ್ದು, ಅದಕ್ಕೆ ಹೋದ," ಅಂದಳು ಓಯ್ರಿಕ್. "ಇವನು ಹುಟ್ಟಿದ ದಿನ ಬೇರೆ."

ಬಾಗಿಲಲ್ಲಿ ಟೊರ್ಕಿಲ್ ನಿಂತಿದ್ದ. ಅವನಿಗೂ ವಿಷಯ ತಿಳಿದದ್ದು ಹಿಂದಿನ ದಿನವೇ.

"ಅತ್ತೆ, ಬನ್ನಿ ಮನೆಗೆ. ಎರಡು ವರ್ಷ ತಾನೇ? ಹೇಳಿದ್ಮೇಲೆ ಹೋಗಬೇಕು, ಹೋಗ್ತೀನಿ. ನನ್ನ ಸಲುವಾಗಿ ನಿಮ್ಮ ಹೆಸರು ಪಟ್ಟಣದ ತನಕ ಎಳೆಯೋದು ಬೇಡ."

"ನನ್ನ ಹೆಸರು ಎಳೆದು ಎಳೆದು ಊರಿನವರು ಸವೆಸಿಯಾಗಿದೆ ಕಣೋ. ಇನ್ನು ಹರಿಯೋಕೆ ಏನೂ ಉಳಿದಿಲ್ಲ." ಅವನ ತೋಳು ಹಿಡಿದು ತಿರುಗಿಸಿದಳು. "ನಿಮ್ಮಮ್ಮ ನಿನ್ನೆಯಿಂದ ಏನು ತಿಂದಿದಾಳೆ ಹೇಳು?"

ಅವನು ಬಾಗಿಲಾಚೆ ಅವರ ಮನೆಯ ಕಡೆ ನೋಡಿದ.

"ಅರ್ಧ ಆಲೂಗಡ್ಡೆ," ಅಂತ ಅವಳೇ ಹೇಳಿದಳು.

ಅವರು ಹೋದ ಮೇಲೆ ಉಪ್ಪು ಹೆರಿಂಗ್, ಆಲೂಗಡ್ಡೆ ಬಡಿಸಿದೆ. ಫಿನ್ಲೇ ಪ್ರಾರ್ಥನೆ ಮಾಡಿ ತಟ್ಟೆಯನ್ನು ಮುಟ್ಟದೆ ಕೂತ.

"ಆ ಸಾಲು ನೀನು ಬರೆದದ್ದಲ್ಲ, ಫಿನ್ಲೇ," ಅಂದೆ. "ಬರೆಸಿದ್ದು ನಾನು. ಈ ಕಿಟಕೀಲಿ ನೋಡಿ ನಾನು ಹೇಳ್ದೆ, ನೀನು ಬರೆದೆ. ನಾಲ್ಕು ಸಲ ಹೋಗಿದ್ದನ್ನ ಎಣಿಸ್ದೆ. ಯಾಕೆ ಅಂತ ಒಂದು ಸಲ ಅವಳ ಬಾಗಿಲಿಗೆ ಹೋಗಿ ಕೇಳ್ಲಿಲ್ಲ."

"ನೀನು ಬಾಣಂತಿ."

"ಇಪ್ಪತ್ತೊಂದು ವರ್ಷಾನೂ ಬಾಣಂತಿಯಾಗಿದ್ನಾ?"

ಅವನು ಬುಧವಾರ ಪಾದ್ರಿಗಳ ಮನೆಗೆ ನಡೆದು ಹೋದ, ಸಂಜೆ ಬಂದ. ಏನಂದರು ಅಂತ ಕೇಳಿದರೆ, "ಪುಸ್ತಕ ಹೊರಗೆ ಹೋಗಬಾರದು ಅನ್ನೋದು ನಿಯಮ. ಬರೆದವನ ಮನಸ್ಸಾಕ್ಷಿ ಅವನದ್ದು ಅಂದ್ರು" ಅಂದ. ಅದನ್ನು ಹೇಗೆ ತೆಗೆದುಕೊಂಡ ಅಂತ ಮುಖದಲ್ಲಿ ಕಾಣಲಿಲ್ಲ. ಪೆಟ್ಟಿಗೆಯ ಬೀಗದ ಕೈ ಅವನ ಗಡಿಯಾರದ ಸರಪಳಿಯಲ್ಲೇ ಇತ್ತು. ಗುರುವಾರ, ಶುಕ್ರವಾರ, ಶನಿವಾರ ಆ ಬೀಗದ ಕೈಯನ್ನೇ ನೋಡುತ್ತಾ ಕಳೆದೆ. ಓಯ್ರಿಕ್ ಮತ್ತೆ ಕೇಳಲು ಬರಲಿಲ್ಲ. ಹೊಲದಾಚೆ ಅವಳ ಮಗ್ಗದ ಸದ್ದು ದಿನವೂ ಅದೇ ಹೊತ್ತಿಗೆ ಶುರುವಾಗಿ ಅದೇ ಹೊತ್ತಿಗೆ ನಿಲ್ಲುತ್ತಿತ್ತು.

ಸೋಮವಾರ ಏಳೂವರೆಗೆ ಬಸ್ಸು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನಾನು ಎದ್ದು ನೋಡಿದರೆ ಫಿನ್ಲೇ ಹಾಸಿಗೆಯಲ್ಲಿರಲಿಲ್ಲ, ಒಳಕೋಣೆಯ ಬಾಗಿಲು ಹಾಕಿತ್ತು. ಕರೆದರೆ, "ನೀನು ಹೋಗು" ಅಂದ. ಶಾಲು ಹೊದ್ದು ರಸ್ತೆಗೆ ಬಂದೆ. ಓಯ್ರಿಕ್, ಡೊಲೀನಾ, ಟೊರ್ಕಿಲ್ ಮೂವರೂ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದರು. ಟೊರ್ಕಿಲ್ ಕೈಯಲ್ಲಿ ಬಟ್ಟೆಯ ಪೆಟ್ಟಿಗೆಯಿತ್ತು. ಆಗದಿದ್ದರೆ ಅಲ್ಲಿಂದಲೇ ಹಡಗು ಹತ್ತುವುದು ಅಂತ ನಿಶ್ಚಯಿಸಿದ್ದ. ಡೊಲೀನಾ ನನ್ನ ಹಿಂದೆ ನೋಡಿದಳು. ಯಾರೂ ಇರಲಿಲ್ಲ.

"ಮುರ್ದೀನಾ, ನೀನೊಬ್ಳೇ ಬಂದ್ಯಾ?" ಅಂದಳು ಓಯ್ರಿಕ್.

"ಕಂಡದ್ದು ನಾನು. ಪುಸ್ತಕ ಇಲ್ದಿದ್ರೆ ಬಾಯಲ್ಲಿ ಹೇಳ್ತೀನಿ."

"ಬಾಯಿ ಮಾತು ಸಾಲಲ್ಲ ಅಂದಿದಾನೆ ಗುಮಾಸ್ತ."

"ಗೊತ್ತು."

ಗುಡ್ಡದ ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ಬಸ್ಸು ಬಂದು ನಿಂತಿತು. ಡೊಲೀನಾ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಲಾರದೆ ನಿಂತಳು. "ಹತ್ತೋರು ಹತ್ರಮ್ಮಾ, ಇದೇನು ನೋಹನ ನಾವೆಯಾ, ಜೋಡಿ ಜೋಡಿ ಬರೋ ತನಕ ಕಾಯೋಕೆ?" ಅಂದ ಡ್ರೈವರ್. ಆಗ ನಮ್ಮ ಬಾಗಿಲು ತೆರೆಯಿತು. ಫಿನ್ಲೇ ಭಾನುವಾರದ ಕರಿ ಕೋಟು ತೊಟ್ಟು, ಮೇಣಬಟ್ಟೆಯಲ್ಲಿ ಸುತ್ತಿದ ಗಂಟನ್ನು ಎದೆಗವಚಿ, ಇಳಿಜಾರಿನಲ್ಲಿ ಓಡದೆ ನಡೆಯುತ್ತಲೇ ಬಂದ. ಡ್ರೈವರ್ ಹಾರನ್ ಹೊಡೆದರೂ ನಡಿಗೆ ಬದಲಿಸಲಿಲ್ಲ. ಬಂದವನು ಯಾರ ಮುಖವನ್ನೂ ನೋಡದೆ, "ಹತ್ತಿ" ಅಂದ.

ಬೆಳಗಿನ ಜಾವದಿಂದ ಅವನು ಒಳಗೆ ಮಾಡುತ್ತಿದ್ದದ್ದು ಏನೆಂದು ಕೋರ್ಟಿನಲ್ಲಿ ಗೊತ್ತಾಯಿತು. ಆ ಒಂದು ಪುಟಕ್ಕೆ ಮುಂಚಿನ ಹಾಳೆಗಳನ್ನೆಲ್ಲ ಒಟ್ಟಿಗೆ, ಆಮೇಲಿನವನ್ನೆಲ್ಲ ಒಟ್ಟಿಗೆ, ಉಣ್ಣೆ ದಾರದಿಂದ ಅಡ್ಡಡ್ಡ ಉದ್ದುದ್ದ ಕಟ್ಟಿದ್ದ. ಗಂಟುಗಳ ಮೇಲೆ ಮೇಣ ಒತ್ತಿದ್ದ. ಪುಸ್ತಕ ತೆರೆದರೆ ಅದೊಂದೇ ಪುಟ ತೆರೆಯುತ್ತಿತ್ತು.

ಸರ್ಕಾರದ ವಕೀಲರು ಎದ್ದು, "ಸ್ವಾಮಿ, ಹುಟ್ಟಿದ ದಿನವನ್ನ ಈ ನವೆಂಬರಿನಲ್ಲಿ ಬದಲಾಯಿಸಿಕೊಳ್ಳಬೇಕು ಅಂತ ಆಸೆಪಡೋ ಹುಡುಗರು ದೇಶದ ತುಂಬಾ ಇದಾರೆ" ಅಂದರು. ಬೆಂಚುಗಳಲ್ಲಿ ಯಾರೋ ನಕ್ಕರು.

ಫಿನ್ಲೇ ತನ್ನದೇ ಬರಹವನ್ನು ನಿಂತು ಓದಿದ. ಅಕ್ಟೋಬರ್ ಒಂದು, ಸಬ್ಬತ್ ದಿನ, ಹನ್ನೊಂದರಿಂದ ಒಂದೂವರೆಯ ನಡುವೆ ನಾಲ್ಕು ಸಲ, ಎಂಟು ಬಕೆಟ್ ನೀರು, ಒಲೆಯ ದಟ್ಟ ಹೊಗೆ, ಕೊಟ್ಟಿಗೆಯಲ್ಲಿ ಒಗೆದ ಬಟ್ಟೆ. ಕಾರಣ ಕೇಳಲಾಗಿ ಹೇಳಲಿಲ್ಲ. ಕರ್ತನ ಭೋಜನದಿಂದ ದೂರವಿಡಲಾಗಿದೆ. ಓದಿ ಮುಗಿಸಿ ಪುಸ್ತಕವನ್ನು ಮೇಜಿನ ಮೇಲಿಟ್ಟ.

ನ್ಯಾಯಾಧೀಶರು ಕನ್ನಡಕ ತೆಗೆದರು. ಅವರಿಗೆ ನಮ್ಮ ಭಾಷೆ ಬಾರದು. ಗುಮಾಸ್ತ ಮಾತು ತಿರುಗಿಸಿ ಹೇಳುತ್ತಿದ್ದ.

"ಇದನ್ನ ನೋಡಿದ್ದು ಯಾರು?"

ನಾನು ಎದ್ದೆ. "ನಾನು, ಸ್ವಾಮಿ. ಗಂಡನಿಗೆ ಹೇಳಿದ್ದೂ ನಾನೇ."

ಓಯ್ರಿಕ್‌ಳನ್ನು ಕರೆದು ಬೈಬಲ್ ಮುಟ್ಟಿಸಿದರು. ಅವಳು ನೇರ ನಿಂತಳು. ಗಂಟೆ, ನಿಮಿಷ, ನೀರು, ಮೇಷ್ಟ್ರು, ಎಲ್ಲವನ್ನೂ ಹೇಳಿದಳು. ಮೇಷ್ಟ್ರ ಹೆಸರು ಬಂದಾಗ ಮಾತ್ರ ಒಮ್ಮೆ ನಿಂತು, ಕಣ್ಣು ಮುಚ್ಚಿ, ಮತ್ತೆ ಶುರುಮಾಡಿದಳು.

"ಹೆರಿಗೆ ಅಂತ ಒಂದು ಮಾತು ಹೇಳಿದ್ದರೆ ಹಿರಿಯರು ನಿಮ್ಮನ್ನು ಅವತ್ತೇ ಬಿಡುತ್ತಿದ್ದರಲ್ಲ?" ಅಂದರು ನ್ಯಾಯಾಧೀಶರು.

"ಬಿಡ್ತಿದ್ರು."

"ಮತ್ತೆ?"

"ಅವ್ರು ಕೇಳಿದ್ದು ನೀರಿನ ಮಾತು, ಸ್ವಾಮಿ. ಮಗು ಯಾವಾಗ ಹುಟ್ತು ಅಂತ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಏನು ಮಾಡ್ತಿದ್ನೋ ಅಂತ ಇವತ್ತಿಗೂ ಭಯ."

ನ್ಯಾಯಾಧೀಶರು ಒಳಗೆ ಹೋದರು. ಇಪ್ಪತ್ತು ನಿಮಿಷ ಅಂತ ಓಯ್ರಿಕ್ ಆಮೇಲೆ ಹೇಳಿದಳು, ನನಗೆ ಅದು ಒಂದು ಚಳಿಗಾಲದಷ್ಟಿತ್ತು. ಟೊರ್ಕಿಲ್ ಪೆಟ್ಟಿಗೆಯ ಹಿಡಿಯನ್ನು ಬಿಡಲೇ ಇಲ್ಲ. ನ್ಯಾಯಾಧೀಶರು ಬಂದು ಕೂತು ಮೊದಲು ಗದರಿದರು. ಸರ್ಕಾರದ ಪುಸ್ತಕ ಅಂದರೆ ಊರಿನವರು ಕನಿಕರಕ್ಕೆ ಬರೆಯುವ ಓಲೆಯಲ್ಲ ಅಂದರು. ಆಮೇಲೆ, "ಈ ಹೆಂಗಸು ಸುಳ್ಳು ಹೇಳುವವಳಾಗಿದ್ದರೆ ಇಪ್ಪತ್ತೊಂದು ವರ್ಷದ ಹಿಂದೆಯೇ, ತನ್ನ ಸಲುವಾಗಿ ಹೇಳಿಕೊಳ್ಳುತ್ತಿದ್ದಳು. ಅವತ್ತು ತನಗಾಗಿ ಹೇಳದವಳು ಇವತ್ತು ಹೇಳುತ್ತಾಳೆ ಅಂತ ನಾನು ನಂಬುವುದಿಲ್ಲ. ತಿದ್ದಿ" ಅಂದರು.

ಆದರೂ ಮುಗಿಯಲಿಲ್ಲ. ಕರೆ ರದ್ದು ಮಾಡುವುದು ಕಡಲಾಚೆಯ ದೊಡ್ಡ ಕಚೇರಿ. ಕೋರ್ಟಿನವರು ತಂತಿ ಕಳಿಸಿದರು. ಉತ್ತರ ಬರುವವರೆಗೂ ಹುಡುಗ ಹೊರಡಲು ಸಿದ್ಧನಾಗಿಯೇ ಇರಬೇಕು ಅಂದರು. ಡೊಲೀನಾಳ ಸೋದರಸಂಬಂಧಿಯ ಮನೆಯಲ್ಲಿ ಉಳಿದೆವು.

ಸಭೆಯ ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಬರೆದದ್ದನ್ನು ಹಿರಿಯರ ಸಭೆ ಅಳಿಸುವಂತಿಲ್ಲ. ಡಿಸೆಂಬರಿನಲ್ಲಿ ಸೇರಿ, ಅಂದು ಅರಿಯದೆ ಮಾಡಿದ ತೀರ್ಪು ಅಂತ ಕೆಳಗೆ ಇನ್ನೊಂದು ಸಾಲು ಬರೆದರು. ಮಾರ್ಚಿನಲ್ಲಿ ಫಿನ್ಲೇ ಸೀಸದ ಬಿಲ್ಲೆಯನ್ನು ತಾನೇ ಅವಳ ಮನೆಗೆ ಒಯ್ದ. ಕ್ಷಮೆ ಕೇಳುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. "ಸಾಕು ಬಿಡು ಫಿನ್ಲೇ, ಗಂಜಿ ಆರುತ್ತೆ," ಅಂದಳಂತೆ. ನಾನು ಕೇಳಿದ ಕ್ಷಮೆ ಬೇರೆ, ಅದನ್ನು ಬರೆಯುವುದಿಲ್ಲ.

ಕೋರ್ಟಿನ ಮರುದಿನ, ಮಂಗಳವಾರ, ಬೆಳಗ್ಗೆ ಒಂಬತ್ತಕ್ಕೇ ನಾವೆಲ್ಲ ಪಟ್ಟಣದ ಕಾರ್ಮಿಕ ಕಚೇರಿಯಲ್ಲಿದ್ದೆವು. ಕರೆಯೋಲೆಗಳ ಕೆಲಸ ಅಲ್ಲೇ ನಡೆಯುತ್ತಿತ್ತು. ಉದ್ದನೆಯ ಬೆಂಚು, ಗೋಡೆಯ ಮೇಲೆ ಹೊಸ ಬಣ್ಣದ ಚಿತ್ರಗಳು: ತಾಳೆಮರ, ಜೀಪು, ನಗುವ ಸೈನಿಕ. ಹತ್ತಾಯಿತು, ಹನ್ನೆರಡಾಯಿತು. ಒಂದು ಗಂಟೆಗೆ ತಂತಿ ಹಂಚುವವನು ಬಂದ, ಅದು ಮೀನಿನ ವ್ಯಾಪಾರಿಗೆ ಬಂದದ್ದು. ಎರಡೂವರೆಗೆ ಟೊರ್ಕಿಲ್, "ಹಡಗಿಗೆ ಸಾಮಾನು ಹಾಕ್ತಿದಾರೆ, ನಾನು ಹೋಗಿ ಜಾಗ ನೋಡ್ತೀನಿ" ಅಂದ. ಡೊಲೀನಾ ಅವನ ಕೋಟಿನ ತೋಳು ಹಿಡಿದಳು, ಬಿಡಲಿಲ್ಲ. ಮೂರು ಗಂಟೆ ಹತ್ತು ನಿಮಿಷಕ್ಕೆ ಉತ್ತರ ಬಂತು. ಹಾಜರಾಗಬೇಕಾಗಿಲ್ಲ, ರೈಲಿನ ಚೀಟಿ ಹಿಂದಿರುಗಿಸಿ ಅಂತ ಬರೆದಿತ್ತು.

ಡೊಲೀನಾ ಕೈ ಬಿಟ್ಟಳು. ಟೊರ್ಕಿಲ್ ಜೇಬಿನಿಂದ ಚೀಟಿ ತೆಗೆದು ಕೌಂಟರಿನ ಮೇಲಿಟ್ಟ. ಕೌಂಟರಿನಾಚೆ ನರೆತ ಮೀಸೆಯ ಹಳೇ ಸಾರ್ಜೆಂಟ್ ಒಬ್ಬ ಕೂತಿದ್ದ, ದ್ವೀಪದವನೇ. ಚೀಟಿಯನ್ನು ಚುಚ್ಚುಮೊಳೆಗೆ ಸಿಕ್ಕಿಸಿ, "ಸರಿ ಕಣಪ್ಪ, ನಿನ್ನನ್ನ ಇನ್ಯಾರೂ ಕರೆಯೋಹಾಗಿಲ್ಲ," ಅಂದ. ಆಮೇಲೆ ಖಾನೆಯಿಂದ ಒಂದು ಹೊಸ ಕಾಗದ ತೆಗೆದು ಮುಂದಿಟ್ಟ. "ಇನ್ಮೇಲೆ ಕೇಳಿ ತಗೋಬೇಕು ಅಂತ ನಮಗೆ ಹೇಳಿದಾರೆ. ಅದಕ್ಕೇ ಕೇಳ್ತಿದೀನಿ. ದೋಣಿ ಕಟ್ಟೋ ಕೈಗೆ ಸೈನ್ಯದಲ್ಲಿ ಒಳ್ಳೆ ಕೆಲಸ ಇದೆ, ಸಂಬಳಾನೂ ಜಾಸ್ತಿ. ನಿನಗೆ ಬರೋಕೆ ಇಷ್ಟ ಇದ್ಯಾ?"

ಟೊರ್ಕಿಲ್ ಆ ಕಾಗದವನ್ನು ಕೈಗೆತ್ತಿಕೊಂಡ. ಅವನಿಗೆ ಇಪ್ಪತ್ತೊಂದು ವರ್ಷ. ನಮ್ಮ ದ್ವೀಪ ಬಿಟ್ಟು ಎಲ್ಲೂ ಹೋದವನಲ್ಲ. ಗೋಡೆಯ ಚಿತ್ರಗಳ ಕಡೆ ಒಮ್ಮೆ ನೋಡಿದ. ಡೊಲೀನಾಳ ಬಾಯಿ ತೆರೆಯಿತು. ಫಿನ್ಲೇ ಅವಳ ಹೆಗಲ ಮೇಲೆ ಕೈಯಿಟ್ಟ. ಓಯ್ರಿಕ್ ಮಾತ್ರ ಎದ್ದು ಬೀದಿಯ ಬಾಗಿಲಿಗೆ ಹೋಗಿ, ನಮಗೆಲ್ಲ ಬೆನ್ನು ಹಾಕಿ, ಬಂದರಿನ ಕಡೆ ಮುಖ ಮಾಡಿ ನಿಂತಳು. ತನ್ನ ಮುಖ ನೋಡಿ ಅವನು ಉತ್ತರ ಕೊಡಬಾರದು ಅಂತ ಹಾಗೆ ನಿಂತದ್ದು. ನನಗೆ ಅದು ಆಗಲೇ ತಿಳಿಯಿತು.

ಟೊರ್ಕಿಲ್ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಪುಟ ತಿರುಗಿಸಿ ಹಿಂದಿನದನ್ನೂ ಓದಿದ.

"ಈಗ್ಲೇ ಹೇಳಬೇಕಾ?"

"ಯಾವಾಗ ಬೇಕಾದ್ರೂ ಹೇಳು. ಹೇಳ್ದೇನೂ ಇರಬಹುದು."

ಅವನು ಕಾಗದವನ್ನು ಮಡಿಸದೆ, ಮೊದಲಿದ್ದ ಹಾಗೇ ಕೌಂಟರಿನ ಮೇಲೆ ನೇರ ಮಾಡಿ ಇಟ್ಟ.

"ಇಷ್ಟ ಇಲ್ಲ," ಅಂದ.

ಸಾರ್ಜೆಂಟ್ ತಲೆಯಾಡಿಸಿ ಅದನ್ನು ಖಾನೆಗೆ ಹಾಕಿಕೊಂಡ. ಓಯ್ರಿಕ್ ಇತ್ತ ತಿರುಗಿದಳು. ಅವಳ ಮುಖ ಒದ್ದೆಯಾಗಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ಬಂದು ಡೊಲೀನಾಳನ್ನು ಬೆಂಚಿನಿಂದ ಎಬ್ಬಿಸಿದಳು.